ಹಳೇ ಕಾಮಿಕ್ಸ್ ಮಾರಲು ಹೊರಟವರಿಗೆ

ನಮ್ಮಪ್ಪ ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದರು. ಕಾದಂಬರಿಗೆ ದಿನಕ್ಕೆ 50 ಪೈಸೆ, ಕಾಮಿಕ್ಸ್‌ಗೆ 25 ಪೈಸೆ ಬಾಡಿಗೆ. ಮನೆಮನೆಗೂ ಟಿವಿ ಬಂದ ಮೇಲೆ ಬಾಗಿಲು ಹಾಕಿದರು. ಉಳಿದ ಪುಸ್ತಕಗಳು ನಾಲ್ಕು ಕಬ್ಬಿಣದ ಟ್ರಂಕುಗಳಲ್ಲಿ ಅಟ್ಟ ಸೇರಿದವು. ಅಪ್ಪ ಹೋದ ಮೇಲೆ ತಮ್ಮನಿಗೆ ಸ್ಕೂಟರ್ ಬಂತು, ನನಗೆ ಟ್ರಂಕು. ಆಗ ಅವನು ನಕ್ಕಿದ್ದ.

ನನ್ನದು ಝೆರಾಕ್ಸ್ ಅಂಗಡಿ. ನಮ್ಮ ಕಡೆ ನಾಣ್ಯ, ಅಂಚೆಚೀಟಿ ಸಂಗ್ರಹಿಸುವವರು ಆಗಾಗ ಯಾವುದಾದರೂ ಕಲ್ಯಾಣ ಮಂಟಪ ಹಿಡಿದು ಎರಡು ದಿನ ಪ್ರದರ್ಶನ ಮಾಡುತ್ತಾರೆ. ಬಾಡಿಗೆ ಕೊಟ್ಟರೆ ನಮಗೂ ಒಂದು ಮೇಜು ಸಿಗುತ್ತದೆ. ಮೊದಲ ಸಲ 300 ಪುಸ್ತಕ ಹೊತ್ತುಕೊಂಡು ಹೋದೆ. ಮಾರಿದ್ದು 11. ಮೇಜಿನ ಬಾಡಿಗೆ 600, ಹೋಗಿಬರುವ ಆಟೋ, ಎರಡು ದಿನದ ಊಟ ಎಲ್ಲ ಲೆಕ್ಕ ಹಾಕಿದರೆ ಕೈಯಿಂದಲೇ ಹೋಯಿತು. ಈಗ ಹಾಗಾಗುವುದಿಲ್ಲ. ಏನು ಬದಲಾಯಿತು ಅಂತ ಹೇಳುತ್ತೇನೆ. ಅಟ್ಟದ ಮೇಲೆ ನಿಮ್ಮದೂ ಒಂದು ಟ್ರಂಕು ಇರಬಹುದು, ಅಲ್ವಾ?

ಮೊದಲ ಸಲ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಇಂಗ್ಲಿಷ್ ಪುಸ್ತಕಗಳನ್ನು ಮುಂದೆ ಜೋಡಿಸಿ, ಕನ್ನಡದವನ್ನು ಮೇಜಿನ ಕೆಳಗೆ ಇಟ್ಟಿದ್ದು. ಬೆಂಗಳೂರಿನಲ್ಲಿ ಇಂಗ್ಲಿಷ್ ಇಂದ್ರಜಾಲ ಕಾಮಿಕ್ಸ್‌ಗೆ ಸಾವಿರಗಟ್ಟಲೆ ಕೊಡುತ್ತಾರೆ ಅಂತ ಯಾರೋ ತಲೆಗೆ ತುಂಬಿದ್ದರು. ಕೊಡಬಹುದು. ಆದರೆ ಆ ಜನ ನಮ್ಮೂರ ಮಂಟಪಕ್ಕೆ ಬರುವುದಿಲ್ಲ. ಇಲ್ಲಿಗೆ ಬರುವವರು ಆಲ್ದೂರಿನ ಮೇಷ್ಟ್ರು, ಕಡೂರಿನ ಮೆಡಿಕಲ್ ಶಾಪಿನವರು, ಮಗಳ ಮದುವೆ ಮುಗಿಸಿ ಕೈ ಬಿಡುವಾದ, ಕಾಫಿ ತೋಟದ ಲೆಕ್ಕ ಬರೆಯುವ ರೈಟರ್. ಅವರು ಅಪರೂಪದ ಪುಸ್ತಕ ಹುಡುಕುವುದಿಲ್ಲ. ತಾವು ಎಂಟನೇ ವಯಸ್ಸಿನಲ್ಲಿ ಓದಿದ್ದನ್ನು ಹುಡುಕುತ್ತಾರೆ. ಓದಿದ್ದು ಕನ್ನಡದಲ್ಲಿ. ಊರಿನ ಪ್ರದರ್ಶನದಲ್ಲಿ ವ್ಯಾಪಾರ ನಡೆಯುವುದು ಇದರ ಮೇಲೆ. ಬೆಲೆ ಹಾಕುವುದು, ಜೋಡಿಸುವುದು, ಮಾತಾಡುವುದು ಎಲ್ಲ ಇದಕ್ಕೆ ತಕ್ಕಂತೆ ಇರಬೇಕು.

ಹಾಗಾಗಿ ನಾನು ಮುಂದೆ ಇಡುವುದು ಕನ್ನಡದ ಅಮರ ಚಿತ್ರ ಕಥೆ, ಕನ್ನಡದ ಇಂದ್ರಜಾಲ, ಚಂದಮಾಮ, ಬಾಲಮಿತ್ರ, ಡಿಂಗ ಬರುತ್ತಿದ್ದ ಬಾಲಮಂಗಳ. ಚಂದಮಾಮ ಕಾಮಿಕ್ಸ್ ಅಲ್ಲ ಅಂತ ವಾದ ಮಾಡುವವರು ಇದ್ದಾರೆ. ಮಾಡಲಿ. ಮೇಜಿನ ಹತ್ತಿರ ಜನ ನಿಲ್ಲುವುದು ಅದನ್ನು ನೋಡಿಯೇ. ಬೇತಾಳನನ್ನು ಹೆಗಲ ಮೇಲೆ ಹೊತ್ತ ವಿಕ್ರಮನ ಚಿತ್ರ ತೆರೆದಿಟ್ಟರೆ ಸಾಕು, ಬೋರ್ಡೇ ಬೇಡ.

ಯಾವ ವರ್ಷದ್ದು ಅಂತ ಹೇಗೆ ತಿಳಿಯುವುದು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದುಡ್ಡು ಬರುವುದೂ ಹೋಗುವುದೂ ಇಲ್ಲೇ.

ನನಗೆ ಇದನ್ನು ಕಲಿಸಿದವರು ಪಕ್ಕದ ಮೇಜಿನ ನಾಣ್ಯದವರು. ಒಳಪುಟ ಹರಿದುಹೋಗಿದ್ದ ಒಂದು ಚಂದಮಾಮ ಹಿಡಿದುಕೊಂಡು ಇದು ಯಾವ ಕಾಲದ್ದೋ ಅಂತ ಗೊಣಗುತ್ತಿದ್ದೆ. ಅವರು ಮುಖಪುಟದ ಬೆಲೆ ನೋಡಿ, ‘ಆಣೆ ಅಂತ ಇದೆಯಲ್ಲಮ್ಮ, 57ಕ್ಕಿಂತ ಹಿಂದಿನದು’ ಅಂದರು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಬಂದಿದ್ದು 1957ರ ಏಪ್ರಿಲ್ 1ರಂದು. ಅಲ್ಲಿಂದ 1964ರವರೆಗೆ ಅದಕ್ಕೆ ‘ನಯಾ ಪೈಸೆ’ ಅನ್ನುತ್ತಿದ್ದರು. ಆಮೇಲೆ ಸುಮ್ನೆ ಪೈಸೆ. ಬದಲಾದ ಹೊಸತರಲ್ಲಿ ಎರಡೂ ಲೆಕ್ಕ ಓಡಾಡುತ್ತಿತ್ತು ಅನ್ನುವುದು ನೆನಪಿರಲಿ. ಕನ್ನಡ ಚಂದಮಾಮ ಶುರುವಾಗಿದ್ದು 1949ರಲ್ಲಿ. ಅಂದರೆ ಆಣೆ ಬೆಲೆಯ ಚಂದಮಾಮ ಸಿಕ್ಕರೆ ಅದು ಹೆಚ್ಚು ಕಡಿಮೆ ಮೊದಲ ಎಂಟು ವರ್ಷದ್ದು. ಚಿತ್ರಕಾರ ಎಂ.ಟಿ.ವಿ. ಆಚಾರ್ಯರು ಬರೆದ ಮುಖಪುಟವಿದ್ದರೆ ಅದನ್ನು ಮೇಜಿನ ಮೇಲೆ ಇಡಬೇಡಿ, ನಿಮ್ಮ ಹಿಂದೆ ಇಡಿ. ಕೇಳಿದವರಿಗೆ ಮಾತ್ರ ತೋರಿಸಿ.

ಆಮೇಲೆ ವಿಳಾಸ ನೋಡಿ. ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ರಂದು. ‘ಮದ್ರಾಸ್-26’ ಅಂತಷ್ಟೇ ಇದ್ದರೆ ಹಳೇದಿರಬಹುದು. ಆರು ಅಂಕಿಯ ‘600 026’ ಇದ್ದರೆ 72ರ ಈಚಿನದು, ಅದರಲ್ಲಿ ಅನುಮಾನವೇ ಇಲ್ಲ. ಜಾಹೀರಾತುಗಳನ್ನೂ ಓದಿ. ಒಳಗೆ ಎಲ್ಲಾದರೂ ‘ಮೈಸೂರು ರಾಜ್ಯ’ ಅಂತಿದ್ದರೆ ಅದು 1973ರ ನವೆಂಬರ್‌ಗಿಂತ ಮೊದಲು ಅಚ್ಚಾಗಿರುವ ಸಂಭವ ಜಾಸ್ತಿ, ‘ಕರ್ನಾಟಕ ರಾಜ್ಯ’ ಅಂತಿದ್ದರೆ ಆಮೇಲಿನದು. ‘ಮುಂಬೈ’ ಅಂತ ಕಂಡರೆ 1995ರ ಈಚಿನದು ಅಂದುಕೊಳ್ಳಬಹುದು. ಇಂಗ್ಲಿಷ್ ಪುಸ್ತಕದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಮೊದಲಿನಿಂದಲೂ ಕೆಲವರು ಮುಂಬಯಿ ಅಂತಲೇ ಬರೆಯುತ್ತಿದ್ದರು, ಹಾಗಾಗಿ ಜೋಪಾನ.

ಅಮರ ಚಿತ್ರ ಕಥೆಯಲ್ಲಿ ಮೋಸ ಹೋಗುವುದು ಬಹಳ ಸುಲಭ. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಮೊದಲ ಹತ್ತು ಸಂಖ್ಯೆಗಳು ಸಿಂಡರೆಲ್ಲಾ ಥರದ ವಿದೇಶಿ ಕಥೆಗಳು, ಬಂದಿದ್ದು ಕನ್ನಡದಲ್ಲಿ. ಇಂಗ್ಲಿಷ್ ಸರಣಿ ಶುರುವಾಗುವುದೇ 11ನೇ ಸಂಖ್ಯೆಯ ‘ಕೃಷ್ಣ’ದಿಂದ. ಈ ಸಂಗತಿ ಗೊತ್ತಿರುವ ಸಂಗ್ರಾಹಕರು ನಮ್ಮ ಮಲೆನಾಡಿನ ಅಟ್ಟಗಳನ್ನು ಆಸೆಯಿಂದ ನೋಡುತ್ತಾರೆ. ನನ್ನ ಟ್ರಂಕಿನಲ್ಲಿ ಆ ಹತ್ತರಲ್ಲಿ ಒಂದೂ ಸಿಗಲಿಲ್ಲ, ನಾಲ್ಕು ಸಲ ಹುಡುಕಿದ್ದೇನೆ. ಆದರೆ ‘ಕೃಷ್ಣ’ ಸಿಕ್ಕ ತಕ್ಷಣ ಕುಣಿಯಬೇಡಿ. ಅದು ಎಷ್ಟು ಸಲ ಮರುಮುದ್ರಣ ಆಗಿದೆಯೋ. ಮರುಮುದ್ರಣದಲ್ಲೂ ಒಳಗೆ ಹಳೇ ಕಾಪಿರೈಟ್ ವರ್ಷವೇ ಇರಬಹುದು. ಬೆಲೆ ನೋಡಿ, ಹಿಂಬದಿಯಲ್ಲಿ ಬೇರೆ ಪುಸ್ತಕಗಳ ಪಟ್ಟಿ ಎಷ್ಟು ಉದ್ದ ಇದೆ ನೋಡಿ. ಪಟ್ಟಿಯಲ್ಲಿ 150ನೇ ಪುಸ್ತಕದ ಹೆಸರಿದ್ದರೆ ಅದು ಮೊದಲ ಮುದ್ರಣ ಆಗಲು ಸಾಧ್ಯವೇ? ದಪ್ಪ ಹೊದಿಕೆಯ ಮೇಲೆ 501, 502 ಅಂತ ಸಂಖ್ಯೆ ಇದ್ದರೆ ಅದು 90ರ ದಶಕದ ಈಚಿನ ಹೊಸ ಸರಣಿ. ಓದಲು ಚೆನ್ನ, ಸಂಗ್ರಹಕ್ಕೆ ಅಷ್ಟಕ್ಕಷ್ಟೆ.

ಇಂದ್ರಜಾಲದ ಕಥೆ ಇನ್ನೊಂದು. 1964ರ ಮಾರ್ಚ್‌ನಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಮೊದಲು 1, 2, 3 ಅಂತ ನೇರ ಸಂಖ್ಯೆ. 80ರ ದಶಕದಲ್ಲಿ ಸಂಪುಟ, ಸಂಖ್ಯೆ ಅಂತ ಬದಲಾಯಿತು. ಒಮ್ಮೆ ಒಬ್ಬರು ‘ಸಂಖ್ಯೆ 1’ ಅಂತ ತೋರಿಸಿ ನನಗೇ ಒಂದು ಪುಸ್ತಕವನ್ನು 5000ಕ್ಕೆ ಮಾರಲು ಬಂದಿದ್ದರು. ಪಕ್ಕದಲ್ಲೇ ಸಣ್ಣದಾಗಿ ‘ಸಂಪುಟ 20’ ಅಂತ ಇತ್ತು. ಪಾಪ, ಅವರಿಗೂ ಗೊತ್ತಿರಲಿಲ್ಲ. ಇನ್ನು ಇಂದ್ರಜಾಲದಲ್ಲೇ ಬರುತ್ತಿದ್ದ ಬಹಾದ್ದೂರ್ ಕಥೆಗಳು. ಅವನನ್ನು ಆಬಿದ್ ಸುರತಿ ಸೃಷ್ಟಿಸಿದ್ದು 1976ರಲ್ಲಿ. ಅದರಲ್ಲೇ ಬರುತ್ತಿದ್ದ ಫ್ಯಾಂಟಮ್, ಮಾಂಡ್ರೇಕ್ ಕಥೆ ಕೇಳುವವರೇ ಜಾಸ್ತಿ. ಆದರೆ ಬಹಾದ್ದೂರ್ ಕೇಳುವವರು ಚೌಕಾಸಿ ಮಾಡದೆ ಒಯ್ಯುತ್ತಾರೆ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಒರೆಸುವುದು, ಅಂಟಿಸುವುದು

20 ವರ್ಷದಿಂದ ಲ್ಯಾಮಿನೇಷನ್ ಮಾಡಿ ಹೊಟ್ಟೆ ಹೊರೆಯುವವಳು ಹೇಳುತ್ತಿದ್ದೇನೆ: ಕಾಮಿಕ್ಸ್‌ಗೆ ಲ್ಯಾಮಿನೇಷನ್ ಮಾಡಿಸಬೇಡಿ. ಮಾಡಿಸಿದ ಮೇಲೆ ಅದನ್ನು ಸಂಗ್ರಾಹಕರು ಮುಟ್ಟುವುದಿಲ್ಲ. ಸೆಲ್ಲೋ ಟೇಪೂ ಬೇಡ. ಅದರ ಅಂಟು ಕೆಲವು ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಕಾಗದದ ಒಳಕ್ಕೆ ಇಳಿಯುತ್ತದೆ. ಹರಿದಿದ್ದರೆ ಹರಿದ ಹಾಗೇ ಇರಲಿ.

ಈ ಪುಸ್ತಕಗಳ ಒಳಪುಟ ಬಹುಪಾಲು ಅಗ್ಗದ ಪೇಪರ್, ನ್ಯೂಸ್ ಪೇಪರ್ ಜಾತಿಯದು. ಮರದ ತಿರುಳಿನಲ್ಲಿರುವ ಲಿಗ್ನಿನ್ ಅದರಲ್ಲಿ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಹಳದಿಯಾಗುತ್ತದೆ, ಆಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೇ ಬೂಷ್ಟು ಹಿಡಿದಿದೆ ಅಂತ ಬಿಸಿಲಿಗೆ ಹರಡಬಾರದು. ನೆರಳಿನಲ್ಲಿ, ಫ್ಯಾನ್ ಗಾಳಿಗೆ ಒಂದೆರಡು ದಿನ ಬಿಟ್ಟು, ಮೆತ್ತನೆ ಬ್ರಷ್‌ನಲ್ಲಿ ಒಣ ಪುಡಿ ಒರೆಸಿ. ಮನೆ ಹೊರಗೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೂಷ್ಟು ಬಂದ ಪುಸ್ತಕವನ್ನು ಚೆನ್ನಾಗಿರುವುದರ ಜೊತೆ ಇಡಬೇಡಿ, ಅಂಟುರೋಗ ಅದು. ಮುಗ್ಗಲು ವಾಸನೆಗೆ ನುಸಿಗುಳಿಗೆ ಹಾಕಬೇಡಿ. ಆ ವಾಸನೆ ಹೋಗುವುದೇ ಇಲ್ಲ. ಮುಚ್ಚಿದ ಡಬ್ಬದಲ್ಲಿ ಪುಸ್ತಕದ ಪಕ್ಕ ಒಂದು ಬಟ್ಟಲು ಅಡುಗೆ ಸೋಡಾ ಇಟ್ಟು ಒಂದು ವಾರ ಬಿಡಿ, ಕಡಿಮೆಯಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಟ್ರಂಕು ತೆರೆಯಲೇಬೇಡಿ. ಈ ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು.

ಪಿನ್ನು ತುಕ್ಕು ಹಿಡಿದಿದ್ದರೆ ಕೀಳಬೇಡಿ, ಹೊಸ ಪಿನ್ನು ಹೊಡೆಯಲೂ ಬೇಡಿ. ಕೊಳ್ಳುವವರಿಗೆ ಹಳೇ ಪಿನ್ನೇ ಬೇಕು. ಅಪ್ಪ ಹತ್ತತ್ತು ಇಂದ್ರಜಾಲ ಸೇರಿಸಿ ರಟ್ಟು ಹಾಕಿ ಬೈಂಡ್ ಮಾಡಿಸಿದ್ದರು. ಮೊದಲ ವರ್ಷ ನಾನು ಒಂದು ಬೈಂಡ್ ಬಿಚ್ಚಿದೆ. ಹತ್ತೂ ಹಾಳಾದವು. ಬೈಂಡ್ ಇದ್ದರೆ ಇಡಿಯಾಗಿ ಮಾರಿ. ಅಂಚು ಕತ್ತರಿಸಿರುವುದರಿಂದ ಬಿಡಿ ಪುಸ್ತಕದ ಬೆಲೆ ಬರುವುದಿಲ್ಲ, ಆದರೆ ಓದುವವರು ಒಯ್ಯುತ್ತಾರೆ.

ಹೊದಿಕೆಗೆ ಪಿವಿಸಿ ಕವರ್ ಬೇಡ, ಬೇಸಿಗೆಯಲ್ಲಿ ಅದು ಮುಖಪುಟದ ಬಣ್ಣಕ್ಕೆ ಅಂಟುತ್ತದೆ. ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಪಿಪಿ ಕವರ್ ಅಂತ ಕೇಳಿ. ಶರಟು ಹಾಕಿ ಕೊಡುತ್ತಾರಲ್ಲ, ಆ ಥರದ್ದು. ಬೆನ್ನಿಗೆ ಒಂದು ಬಿಳಿ ಡ್ರಾಯಿಂಗ್ ಶೀಟ್. ಕಂದು ರಟ್ಟು ಎರಡು ದಿನಕ್ಕಾದರೆ ಪರವಾಗಿಲ್ಲ, ವರ್ಷಗಟ್ಟಲೆ ಇಟ್ಟರೆ ಅದರ ಆಮ್ಲ ಪುಸ್ತಕಕ್ಕೂ ಹತ್ತುತ್ತದೆ.

‘ಗುಡ್’ ಅಂದರೆ ಚೆನ್ನಾಗಿದೆ ಅಂತಲ್ಲ

ಇದಕ್ಕೆ ನಾನು 400 ರೂಪಾಯಿ ಶುಲ್ಕ ಕಟ್ಟಿದ್ದೇನೆ. ಹೊಸದರ ಹಾಗಿದ್ದ ಒಂದು ಫ್ಯಾಂಟಮ್ ಮೇಲೆ ಖುಷಿಯಿಂದ ‘ಗುಡ್’ ಅಂತ ಚೀಟಿ ಹಚ್ಚಿದೆ. ಬೆಂಗಳೂರಿನ ಹುಡುಗ ಒಬ್ಬ ಬಂದು, ‘ಮೇಡಂ, ಗುಡ್ ರೇಟಿಗೆ ಕೊಡ್ತೀರಾ?’ ಅಂದ. ಕೊಟ್ಟೆ. ಆಮೇಲೆ ತಿಳಿಯಿತು, ಕಾಮಿಕ್ಸ್ ಸಂಗ್ರಹಿಸುವವರ ಲೆಕ್ಕದಲ್ಲಿ ಮೇಲೆ ಮಿಂಟ್, ಆಮೇಲೆ ನಿಯರ್ ಮಿಂಟ್, ವೆರಿ ಫೈನ್, ಫೈನ್, ವೆರಿ ಗುಡ್. ಅದರ ಕೆಳಗೆ ಗುಡ್. ಗುಡ್‌ಗಿಂತ ಕೆಳಗಿರುವುದು ಫೇರ್, ಪೂರ್ ಎರಡೇ. ನಾನು ಬರೆದಿದ್ದು ‘ಹರಕು, ಆದರೆ ಪುಟ ಎಲ್ಲ ಇದೆ’ ಅಂತ ಹೇಳಿದ ಹಾಗಾಗಿತ್ತು.

ಈಗ ಆ ಪದಗಳ ಗೊಡವೆಯೇ ಬೇಡ ಅಂತ ಏನಾಗಿದೆಯೋ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ. ‘ಹಿಂದಿನ ಹೊದಿಕೆ ಇಲ್ಲ.’ ‘ನಡುವಿನ ಪುಟ ಪಿನ್ನಿನಿಂದ ಬಿಟ್ಟಿದೆ.’ ‘ಪದಬಂಧ ಪೆನ್ನಿನಲ್ಲಿ ತುಂಬಿದೆ.’ ‘ಫ್ಯಾಂಟಮ್‌ನ ಹೆಂಡತಿ ಡಯಾನಾಗೆ ಮೀಸೆ ಬರೆದಿದ್ದಾರೆ.’ ಕೊನೆಯದನ್ನು ಓದಿ ಜನ ನಗುತ್ತಾರೆ, ನಕ್ಕವರು ಕೈಗೆತ್ತಿಕೊಳ್ಳುತ್ತಾರೆ. ಮಾರುವ ಮೊದಲು ಪ್ರತಿ ಪುಸ್ತಕದ ಪುಟ ಎಣಿಸಿ. ಬೇಜಾರಿನ ಕೆಲಸ, ಆದರೂ ಎಣಿಸಿ.

ನನ್ನ ಪುಸ್ತಕಗಳಿಗೆ ಇನ್ನೊಂದು ತೊಂದರೆ ಇದೆ. ಅಪ್ಪ ಮುಖಪುಟಕ್ಕೊಂದು, ಐದನೇ ಪುಟಕ್ಕೊಂದು ನೇರಳೆ ಬಣ್ಣದ ಮುದ್ರೆ ಒತ್ತಿದ್ದಾರೆ. ಮುದ್ರೆ ಇದ್ದರೆ ಬೆಲೆ ಇಳಿಯುತ್ತದೆ. ಬ್ಲೇಡಿನಿಂದ ಕೆರೆದು ತೆಗೆಯಬಹುದು ಅಂತ ಒಬ್ಬರು ಹೇಳಿದರು. ಕೆರೆದರೆ ಬಣ್ಣ ಹೋಗಿ ತೂತು ಉಳಿಯುತ್ತದೆ, ಅಷ್ಟೆ. ಹೋದ ವರ್ಷ ಒಬ್ಬ ಯಜಮಾನರು ಆ ಮುದ್ರೆ ನೋಡಿ ನಿಂತರು. ಪುಟ ತಿರುವಿ ಒಂದು ಕಡೆ ಬೆರಳಿಟ್ಟು, ‘ಇದನ್ನ ಹರಿದಿದ್ದು ನಾನೇ, ಐದನೇ ಕ್ಲಾಸಲ್ಲಿ. ನಿಮ್ಮಪ್ಪನಿಗೆ ಹೇಳದೆ ವಾಪಸ್ ಕೊಟ್ಟಿದ್ದೆ’ ಅಂದರು. ನನಗೆ ಕಣ್ಣು ತುಂಬಿ ಬರುವುದರಲ್ಲಿತ್ತು. ಅಷ್ಟರಲ್ಲಿ ಅವರೇ, ‘ಪುಟ ಹರಿದಿದೆಯಲ್ಲಮ್ಮ, 50 ರೂಪಾಯಿ ಕಡಿಮೆ ಮಾಡ್ಕೊಳಿ’ ಅಂದರು.

ಬೆಲೆ

ಇಂಟರ್ನೆಟ್‌ನಲ್ಲಿ ಜನ ಕೇಳುವ ಬೆಲೆ ನೋಡಿ ಮೋಸ ಹೋಗಬೇಡಿ. ಕೇಳುವುದಕ್ಕೆ ಯಾರು ಎಷ್ಟು ಬೇಕಾದರೂ ಕೇಳಬಹುದು. ‘ಮಾರಾಟವಾಗಿದೆ’ ಅಂತ ತೋರಿಸುವ ಬೆಲೆ ಮಾತ್ರ ಬೆಲೆ. ನಾನು ಮೂರು ಡಬ್ಬ ಇಡುತ್ತೇನೆ. 40 ರೂಪಾಯಿ ಡಬ್ಬದಲ್ಲಿ ಹರಕು, ಬಾಲಮಂಗಳ, ಮರುಮುದ್ರಣ. 100ರದ್ದರಲ್ಲಿ ಕನ್ನಡದ ಅಮರ ಚಿತ್ರ ಕಥೆ, 70–80ರ ದಶಕದ ಚಂದಮಾಮ. ಉಳಿದಿದ್ದಕ್ಕೆ ಬಿಡಿ ಚೀಟಿ, 250ರಿಂದ ಮೇಲೆ. ಚೀಟಿ ಹಚ್ಚುವುದು ಕವರ್ ಮೇಲೆ, ಪುಸ್ತಕದ ಮೇಲಲ್ಲ. ಬೆಲೆ ಬರೆಯದೆ ಇಟ್ಟರೆ ನಮ್ಮ ಕಡೆಯವರು ಸಂಕೋಚಕ್ಕೆ ಕೇಳದೆ ಮುಂದೆ ಹೋಗುತ್ತಾರೆ.

40ರ ಡಬ್ಬದಿಂದ ದೊಡ್ಡ ಲಾಭ ಇಲ್ಲ. ಆದರೆ ಅದರಲ್ಲಿ ಕೆದಕಲು ನಿಂತವರ ಹಿಂದೆ ಇನ್ನಿಬ್ಬರು ನಿಲ್ಲುತ್ತಾರೆ. ಅದಿಲ್ಲದಿದ್ದರೆ ಮೇಜು ಖಾಲಿ ಹೊಡೆಯುತ್ತದೆ.

ಪ್ರದರ್ಶನ ಯಾವಾಗ ಅನ್ನುವುದು ನಮ್ಮ ಕೈಯಲ್ಲಿಲ್ಲ. ಆದರೂ ಆಯ್ಕೆ ಇದ್ದರೆ ಫೆಬ್ರವರಿ, ಮಾರ್ಚ್‌ನದ್ದಕ್ಕೆ ಹೋಗಿ. ಕಾಫಿ ಕೊಯ್ಲು ಮುಗಿದು, ಮಾರಿ, ಕೈಯಲ್ಲಿ ಕಾಸಾಡುವ ಕಾಲ. ಆಗಸ್ಟ್‌ನಲ್ಲಿ ಅದೇ ಜನ ಅದೇ ಪುಸ್ತಕವನ್ನು ಮುಟ್ಟಿ ನೋಡಿ ಇಟ್ಟು ಹೋಗುತ್ತಾರೆ.

ಆ ದಿನ

ಒಂದು ಗಂಟೆ ಮೊದಲೇ ಹೋಗಿ ಮೇಜಿನ ಜಾಗ ನೋಡಿ. ಫ್ಯಾನ್ ಕೆಳಗೆ ಬೇಡ, ಕಿಟಕಿ ಬಿಸಿಲಿಗೆ ಬೇಡ, ಊಟದ ಹಾಲ್ ಬಾಗಿಲ ಹತ್ತಿರ ಬೇಡವೇ ಬೇಡ. ಚಿಕ್ಕಮಗಳೂರಿನಲ್ಲಿ ಎಲ್ಲರ ಕೈಯಲ್ಲೂ ಒಂದು ಕಾಫಿ ಲೋಟ ಇರುತ್ತದೆ. ಲೋಟ ಇಡಲು ನಾನು ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿದ್ದೇನೆ, ‘ಕಾಫಿ ಇಲ್ಲಿ’ ಅಂತ ಬರೆದು. ಲೋಟ ಬಿಟ್ಟ ಕೈ ಎರಡೂ ಪುಸ್ತಕಕ್ಕೆ ಬರುತ್ತದೆ.

ಮೇಜಿಗೆ ಕಡು ಬಣ್ಣದ ಬೆಡ್‌ಶೀಟ್ ಹಾಸಿ. ಸೇಬಿನ ರಟ್ಟಿನ ಪೆಟ್ಟಿಗೆಯನ್ನು ಎತ್ತರ ನೋಡಿ ಕತ್ತರಿಸಿದರೆ ಪುಸ್ತಕ ನಿಲ್ಲಿಸಿ ಇಡಬಹುದು, ಮುಖಪುಟ ಒಂದೊಂದಾಗಿ ಮಗುಚಿ ನೋಡುತ್ತಾರೆ. ಚಿಲ್ಲರೆಗೆ 10, 50ರ ನೋಟು ಇಟ್ಟುಕೊಳ್ಳಿ. ಫೋನ್‌ಪೇ ಇದೆಯಲ್ಲ ಅಂತ ಸುಮ್ನಿರಬೇಡಿ. ಮಂಟಪದ ಒಳಗೆ ನೆಟ್‌ವರ್ಕ್ ಸಿಗದೆ ಒಬ್ಬರು ಹೊರಗೆ ಹೋಗಿ ಕಳಿಸಿ ಬರುತ್ತೇನೆ ಅಂದವರು ಬರಲೇ ಇಲ್ಲ. ಪುಸ್ತಕ ಅವರ ಕೈಯಲ್ಲಿತ್ತು.

ಬಾಗಿಲು ತೆರೆಯುವ ಮೊದಲು ಬರುವವರು ಬೇರೆ ಮೇಜಿನ ವ್ಯಾಪಾರಿಗಳು. ‘ಅಕ್ಕಾ, ಸುಮ್ನೆ ನೋಡ್ತೀನಿ’ ಅಂತ ಬಂದು ಒಳ್ಳೆಯದನ್ನೇ ಆರಿಸುತ್ತಾರೆ. ತೋರಿಸಿ, ಆದರೆ ಚೀಟಿ ಬೆಲೆಗಿಂತ ಒಂದು ರೂಪಾಯಿ ಇಳಿಸಬೇಡಿ. ಅವರು ಅಷ್ಟು ಬೇಗ ಆಸೆಪಟ್ಟರೆ ನಿಮ್ಮ ಚೀಟಿಯೇ ಕಡಿಮೆ ಅಂತ ಅರ್ಥ. ಹೆಂಗಸರು ಮೇಜಿನ ಹಿಂದೆ ಕೂತರೆ ಇನ್ನೊಂದು ಪ್ರಶ್ನೆ ಬರುತ್ತದೆ: ‘ಯಜಮಾನರು ಎಲ್ಲಿ? ರೇಟ್ ಯಾರು ಹೇಳೋದು?’ ನಾನು ಏನೂ ಹೇಳದೆ ಪುಸ್ತಕ ತೆಗೆದು, ಪಿನ್ ಕೋಡ್ ಇಲ್ಲದ ವಿಳಾಸ ತೋರಿಸಿ, ‘72ರ ಮೊದಲಿಂದು, 350’ ಅನ್ನುತ್ತೇನೆ. ಆಮೇಲೆ ಯಜಮಾನರ ಸುದ್ದಿ ಬರುವುದಿಲ್ಲ.

ಚೌಕಾಸಿಗೆ ಜಾಗ ಬಿಟ್ಟೇ ಬೆಲೆ ಹಾಕಿ, ನೂರಕ್ಕೆ ಹತ್ತು ಹದಿನೈದು. ಒಂದು ಪುಸ್ತಕಕ್ಕೆ ಇಳಿಸುವ ಬದಲು ಮೂರು ತಗೊಂಡರೆ ಇಳಿಸುತ್ತೇನೆ ಅನ್ನಿ. ಎರಡನ್ನು ಮನಸ್ಸಿಟ್ಟು ಆರಿಸಿದವರು ಮೂರನೆಯದನ್ನು ಸಲೀಸಾಗಿ ಆರಿಸುತ್ತಾರೆ.

ಒಂದು ಎಚ್ಚರಿಕೆ, ನನ್ನ ಕಸುಬಿನದೇ. ಮುಖಪುಟ ಇಲ್ಲದ ಪುಸ್ತಕಕ್ಕೆ ಕಲರ್ ಝೆರಾಕ್ಸ್ ಹೊದಿಸಿ ಮಾರುವವರು ಇದ್ದಾರೆ. ನನ್ನ ಅಂಗಡಿಗೇ ಮಾಡಿಕೊಡಿ ಅಂತ ಬಂದಿದ್ದಾರೆ. ಓದಲು ಬೇಕಾದರೆ ಮಾಡಿಕೊಡುತ್ತೇನೆ, ಆದರೆ ಒಳಬದಿಯಲ್ಲಿ ‘ನಕಲು’ ಅಂತ ಸೀಲ್ ಹೊಡೆದು. ಬೇರೆಯವರಿಂದ ಕೊಳ್ಳುವಾಗ ಪುಸ್ತಕವನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಝೆರಾಕ್ಸ್‌ನ ಪುಡಿ (ಟೋನರ್) ಕಾಗದದ ಮೇಲೆ ಕೂತು ಮಿಂಚುತ್ತದೆ. ಹಳೇ ಅಚ್ಚಿನ ಶಾಯಿ ಒಳಗೆ ಇಳಿದಿರುತ್ತದೆ. ನಾಣ್ಯದವರ ಹತ್ತಿರ ಭೂತಗನ್ನಡಿ ಇಸಿದುಕೊಂಡು ನೋಡಿದರೆ ಹಳೇ ಅಚ್ಚಿನ ಬಣ್ಣದ ಚುಕ್ಕೆಗಳು ಸಾಲಾಗಿ ಕಾಣುತ್ತವೆ.

ಎರಡನೇ ದಿನ ಸಂಜೆ ನಾಲ್ಕರ ಮೇಲೆ ಯಾರಾದರೂ ಬಂದು, ‘ಇಷ್ಟೂ ಸೇರಿಸಿ ಎಷ್ಟಕ್ಕೆ ಕೊಡ್ತೀರಿ, ಹೊತ್ಕೊಂಡು ಹೋಗೋದು ತಪ್ಪುತ್ತೆ’ ಅನ್ನುತ್ತಾರೆ. ನಿಮಗೆ ಕಾಲು ಸೋತಿರುತ್ತದೆ. 40ರ ಡಬ್ಬ ಕೊಟ್ಟುಬಿಡಿ. ಬಿಡಿ ಚೀಟಿಯವನ್ನು ಕೊಡಬೇಡಿ, ಅವು ಭಾರ ಅಲ್ಲ.

ಮೇಜಿನ ಮೇಲೆ ಒಂದು ನೋಟ್‌ಬುಕ್ ಮಾತ್ರ ಮರೆಯದೆ ಇಡಿ. ಕೇಳಿದ ಪುಸ್ತಕ ಇಲ್ಲದಿದ್ದರೆ ಹೆಸರು, ನಂಬರ್, ಯಾವ ಪುಸ್ತಕ ಅಂತ ಬರೆಸಿಕೊಳ್ಳಿ. ಎರಡು ದಿನದ ವ್ಯಾಪಾರಕ್ಕಿಂತ ಆ ನೋಟ್‌ಬುಕ್‌ನಿಂದ ನನಗೆ ಜಾಸ್ತಿ ಬಂದಿದೆ. ಮುಂದಿನ ಪ್ರದರ್ಶನಕ್ಕೆ ಏನು ಒಯ್ಯಬೇಕು ಅಂತ ಹೇಳುವುದೂ ಅದೇ. ಈಗ ಅದರಲ್ಲಿ 14 ಹೆಸರಿವೆ. ಮೂವರು ಕೇಳಿರುವುದು ಆಚಾರ್ಯರ ಮುಖಪುಟದ ಚಂದಮಾಮ. ಅಂಥದ್ದು ನನ್ನ ಹತ್ತಿರ ಒಂದಿದೆ, ಅಪ್ಪನ ಮುದ್ರೆ ಇಲ್ಲದ್ದು. ಮೂವರಿಗೂ ಇನ್ನೂ ಫೋನ್ ಮಾಡಿಲ್ಲ.